ವೇಗಕ್ಕೊಂದು ಅಂಕೆ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ಓದಿ ಬೆಳೆದ ಮಠಕ್ಕೆ ಹೋಗಿದ್ದೆವು. ದಾಸೋಹದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತರುಣನೊಬ್ಬ ಬೂದುಬಣ್ಣದ ಹಳೆಯ ಫರ್ಗ್ಯುಸನ್ ಟ್ರ್ಯಾಕ್ಟರಿನ ಮುಂಭಾಗವನ್ನು ಬಿಚ್ಚುತ್ತ ಕುಳಿತಿದ್ದನು. ಅದನ್ನು ಕಂಡೊಡನೆ ಐವತ್ತು ವರ್ಷಗಳಿಂದ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ತಪ್ಪೊಂದು ಮೇಲೆದ್ದು ಬಂದಿತು. ಅದನ್ನು ಇಂದು ಓದುಗ ಬಂಧುಗಳ ಮುಂದೆ ಒಪ್ಪಿಸುತ್ತಿದ್ದೇವೆ.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಟಿ.ಇ. 20 ಮಾದರಿಯ ಟ್ರ್ಯಾಕ್ಟರು ಅದು. ಇದೇ ಜಾತಿಯ ಟ್ರ್ಯಾಕ್ಟರುಗಳನ್ನೇರಿ ಎಡ್ಮಂಡ್ ಹಿಲರಿ ಮತ್ತು ಸಂಗಡಿಗರು 1958ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದರು. ನಮ್ಮ ಮಠಕ್ಕೆ ಭಕ್ತರೊಬ್ಬರು ಸಲ್ಲಿಸಿದ ಕಾಣಿಕೆಯದು. ನಮ್ಮ ಬಾಲ್ಯದಲ್ಲಿ ಅದನ್ನು ನಡೆಸುತ್ತಿದ್ದ ಹಿರಿಯರನ್ನು ನಾವೆಲ್ಲ ವಿದ್ಯಾರ್ಥಿಗಳು ‘ಕಾಕಾ’ ಎಂದೇ ಕರೆಯುತ್ತಿದ್ದೆವು.

1973ರ ಒಂದು ಮಧ್ಯಾಹ್ನ. ಹಿಂಬದಿಯ ಚಕ್ರಕ್ಕೆ ಪಟ್ಟಾ ಹಾಕಿ ಕಣಿಕೆ ಕತ್ತರಿಸುವ ಕೆಲಸ ನಡೆದಿತ್ತು. ಕಾಕಾ ಪ್ರಸಾದಕ್ಕೆ ಹೋದಾಗ ಕಾವಲಿಗೆ ನಮ್ಮನ್ನು ನಿಲ್ಲಿಸಿದ್ದರು. ಬೇಗ ಮುಗಿಸಿ ಆಟಕ್ಕೆ ಓಡುವ ಆಸೆ ನಮಗೆ. ಗವರ್ನರಿನ ಸರಳನ್ನು ಕಳಚಿ, ಕಾರ್ಬ್ಯುರೇಟರಿನ ಬಾಗಿಲು ಪೂರ್ತಿ ತೆರೆದಿರುವಂತೆ ತಂತಿಯಿಂದ ಬಿಗಿದೆವು. ಕೆಲಸವೇನೋ ಭರದಿಂದ ಸಾಗಿತು. ಅಷ್ಟರಲ್ಲಿ ಪಟ್ಟಾ ಜಾರಿಬಿದ್ದಿತು. ಹೊರೆ ಕಳೆದ ಎಂಜಿನ್ನು ಹುಚ್ಚೆದ್ದು ಕಿರುಚಿತು. ಫ್ಯಾನಿನ ಒಂದು ರೆಕ್ಕೆ ಮುರಿದು ರೇಡಿಯೇಟರನ್ನು ಸೀಳಿ, ಟೈಮಿಂಗ್ ಕವರಿಗೆ ಬಡಿದು ಬಿರುಕು ಬಿಡಿಸಿತು. ಓಡಿ ಬಂದ ಕಾಕಾ ಎಂಜಿನ್ನನ್ನು ನಿಲ್ಲಿಸಿ, ಮೊದಲು ನಮ್ಮ ಕೈಕಾಲು ಮುಟ್ಟಿ ನೋಡಿದರು. ಆಮೇಲೆ ಮಾತಿಲ್ಲದೆ ಆ ತಂತಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಡಳಿತ ನೋಡುತ್ತಿದ್ದವರು ವಿಚಾರಿಸಿದಾಗ, “ನನ್ನ ಲಕ್ಷ್ಯ ತಪ್ಪಿತ್ರಿ” ಎಂದಷ್ಟೇ ನುಡಿದರು. ಅವರ ಪಗಾರದಲ್ಲಿ ಖರ್ಚು ಮುರಿದುಕೊಳ್ಳಲಾಯಿತು. ನಾವು ಬಾಯಿ ಬಿಡಲಿಲ್ಲ.

ಗವರ್ನರ್ ಎಂಬುದು ವೇಗಕ್ಕೆ ಹಾಕಿದ ಅಂಕೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಇದನ್ನು ಜೋಡಿಸಿದನು. ತಿರುಗುವ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಇಂಧನದ ದಾರಿಯನ್ನು ಕಿರಿದುಗೊಳಿಸುತ್ತವೆ. ಹೊರೆ ಬಿದ್ದು ವೇಗ ಇಳಿದರೆ ಸ್ಪ್ರಿಂಗು ಅದನ್ನು ಮತ್ತೆ ಅಗಲಗೊಳಿಸುತ್ತದೆ. ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಇದು ಸಾಮಾನ್ಯವಾಗಿ ಇಂಧನ ಪಂಪಿನೊಳಗೇ ಇರುತ್ತದೆ. ಈ ಫರ್ಗ್ಯುಸನ್ನಿನಲ್ಲಿ ಟೈಮಿಂಗ್ ಕವರಿನ ಬಳಿ ಇದೆ.

ಆ ತರುಣನು ಕಾಕಾರ ಮೊಮ್ಮಗನೆಂದು ತಿಳಿದು ನಮ್ಮ ಎದೆ ಝಲ್ಲೆಂದಿತು. ನಾವು ಅವನ ಬಳಿಯೇ ಕುಳಿತೆವು. ರೇಡಿಯೇಟರನ್ನು ಇಳಿಸಿ, ಎಂಜಿನ್ನಿನ ಕೆಳಗೆ ಮರದ ದಿಮ್ಮಿಗಳ ಆಸರೆ ಕೊಟ್ಟು, ಮುಂದಿನ ಅಚ್ಚನ್ನು ಗಾಲಿಗಳ ಸಮೇತ ಬೇರ್ಪಡಿಸಿದ್ದನು. ಅಂದು ಬೆಸುಗೆ ಹಾಕಿದ್ದ ಕವರು ಕಾವಿಗೆ ಸೊಟ್ಟಗಾಗಿ, ಅಂದಿನಿಂದಲೂ ಎಣ್ಣೆ ಸೋರುತ್ತಿತ್ತಂತೆ. ಗವರ್ನರಿನ ತೋಳು ಸವೆದು ಎಂಜಿನ್ನಿನ ಸದ್ದು ಏರುತ್ತ ಇಳಿಯುತ್ತ ಇರುತ್ತಿತ್ತಂತೆ. ಆದುದರಿಂದ ಎರಡನ್ನೂ ಬದಲಿಸಿದನು. ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟು ಒಂದೇ ಸುತ್ತು ತಿರುಗಬೇಕು. ಆ ಹೊಂದಿಕೆಯ ಗುರುತುಗಳನ್ನು ಎರಡು ಸಲ ನೋಡಿಕೊಂಡನು. ಹೊಸ ಗ್ಯಾಸ್ಕೆಟ್ಟು ಹಾಗೂ ಆಯಿಲ್ ಸೀಲು ಕೂರಿಸಿ, ಸೀಲು ಶಾಫ್ಟಿನ ನಟ್ಟನಡುವೆ ನಿಂತಿತೆಂದು ಖಚಿತವಾದ ಮೇಲೆ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದನು. ಕೊನೆಗೆ, ಕೈಸನ್ನೆಯನ್ನು ಪೂರ್ತಿ ಎಳೆದಾಗ ಕಾರ್ಬ್ಯುರೇಟರಿನ ಬಾಗಿಲು ಪೂರ್ತಿ ತೆರೆಯುವಂತೆ ಸರಳಿನ ಉದ್ದವನ್ನು ಸರಿಪಡಿಸಿದನು.

ಎಂಜಿನ್ನು ಸಮಸ್ವರದಲ್ಲಿ ಮಿಡಿಯತೊಡಗಿದಾಗ ನಾವು ನಡೆದುದೆಲ್ಲವನ್ನೂ ಹೇಳಿದೆವು. ಅವನು ಕ್ಷಣಕಾಲ ಸುಮ್ಮನಿದ್ದು, “ನಮ್ಮ ಅಜ್ಜ ಆ ತಂತೀನ ಕಡೀತನಕ ಗೂಟಕ್ಕ ಹಾಕಿಟ್ಟಿದ್ದರಿ, ಶಾಸ್ತ್ರಿಗಳ. ಯಾಕಂತ ಕೇಳಿದ್ರ, ‘ಒಬ್ಬ ಹುಡುಗ ಓದಾಕ ಹತ್ತಿದ್ದ, ಅವನ ಓದು ತಪ್ಪಬಾರದಿತ್ತು’ ಅಂತಿದ್ದರು” ಎಂದನು. ನಮ್ಮ ಕಣ್ಣು ತುಂಬಿ ಬಂದವು.

ಹೆಚ್ಚಾಗಿ ಅಕ್ಕಿ ಆಯ್ದು ತಂದ ಮಾರಯ್ಯನಿಗೆ, ಬೇಕಾದುದಕ್ಕಿಂತ ಮಿಗಿಲಾದುದು ನಮಗೆ ಸಲ್ಲದೆಂದು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ನೂರಾರು ವೇದಿಕೆಗಳಲ್ಲಿ ಹೇಳಿದ್ದೇವೆ. ಆಸೆಗೆ ಅಂಕೆ ಹಾಕುವ ಆ ಕಥೆ ನಮ್ಮ ನಾಲಗೆಯ ಮೇಲಿತ್ತು. ಅದರ ಬಾಳು ಕಾಕಾರಲ್ಲಿತ್ತು. ಅಂದು ಮುರಿದುಕೊಂಡ ಪಗಾರಕ್ಕೆ ಸಮನಾದುದನ್ನು ನಾವು ಅವರ ಮನೆಯವರಿಗೆ ಕೊಡಹೋದಾಗ ಅವರು ಮುಟ್ಟಲಿಲ್ಲ, ದಾಸೋಹಕ್ಕೆ ಸಲ್ಲಿಸಿರೆಂದರು. ಹಾಗೆಯೇ ಸಲ್ಲಿಸಿದೆವು. ಆದರೂ ಕಾಕಾ ಇದ್ದಾಗಲೇ ಆಡಬೇಕಿದ್ದ ಮಾತಿನ ಸಾಲ ನಮ್ಮ ಮೇಲೆ ಉಳಿದೇ ಇದೆ. ಅಂಥ ಸಾಲವಿರುವ ಬಂಧುಗಳು ತಡಮಾಡದಿರಲಿ.