ಕೈಯ ತಪ್ಪು, ಕುರ್ಚಿಯ ತಪ್ಪು

ಯಂತ್ರ ಕೆಟ್ಟರೆ ಎಲ್ಲರೂ ಮೊದಲು ಹಿಡಿಯುವುದು ಎಣ್ಣೆ ಮೆತ್ತಿದ ಕೈಯನ್ನೇ. ಕೂಲಿಯವರ ಮನೆಯಿಂದ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಮಗೆ ಇದು ಹೊಸದಲ್ಲ. ಆದರೆ ಗೆಳೆಯರೇ, ಅಮೆರಿಕದ ಒಂದು ತನಿಖೆ ಅಷ್ಟಕ್ಕೇ ನಿಲ್ಲಲಿಲ್ಲ.

1983ರ ಮೇ 5. ಈಸ್ಟರ್ನ್ ಏರ್‌ಲೈನ್ಸ್ ವಿಮಾನವೊಂದು 172 ಜನರನ್ನು ಹೊತ್ತು ಮಯಾಮಿಯಿಂದ ಬಹಾಮಾಸ್‌ಗೆ ಹೊರಟಿತ್ತು. ಮೂರೂ ಎಂಜಿನ್‌ಗಳ ಎಣ್ಣೆ ಸೋರಿಹೋಯಿತು. ನಡುವಿನದನ್ನು ಚಾಲಕರೇ ನಿಲ್ಲಿಸಿದರು. ಉಳಿದೆರಡು ತಾವೇ ನಿಂತವು. ಕೆಳಗೆ ಸಮುದ್ರ. ನಿಲ್ಲಿಸಿದ್ದ ಎಂಜಿನ್ನನ್ನೇ ಮತ್ತೆ ಹೊತ್ತಿಸಿ ಮಯಾಮಿಗೆ ಮರಳಿದರು. ಎಲ್ಲರೂ ಬದುಕಿದರು.

ಆಗಿದ್ದೇನು? ಎಣ್ಣೆಯೊಳಗಿನ ಲೋಹದ ಚೂರು ಹಿಡಿಯುವ ಬಿಡಿಭಾಗಕ್ಕೆ ಸೋರದಂತೆ ತಡೆಯುವ ಉಂಗುರಗಳೇ ಇರಲಿಲ್ಲ. ಉಂಗುರ ಹಾಕಿಟ್ಟ ಭಾಗವೇ ಕೈಗೆ ಸಿಗುವುದು ಮೆಕ್ಯಾನಿಕ್‌ಗಳಿಗೆ ರೂಢಿ. ಆ ರಾತ್ರಿ ಉಗ್ರಾಣದಿಂದ ಬಂದವು ಬರಿಯವು. ನೋಡದೆ ಕೂರಿಸಿದರು, ರುಜು ಹಾಕಿದರು. ತಪ್ಪು ತಪ್ಪೇ.

ಆದರೆ ನಿಯಮ ಪಾಲಿಸಿ ಅಂತ ಒತ್ತಾಯಿಸದ ಮೇಲ್ವಿಚಾರಕರು, ಹಿಂದೆ ಇಂಥವೇ ಆಗಿದ್ದರೂ ಎಚ್ಚೆತ್ತುಕೊಳ್ಳದ ಆಡಳಿತ, ಇಬ್ಬರೂ ಕಾರಣ ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ಬರೆಯಿತು.

ತಪಾಸಣೆ ಅಂದರೆ ರುಜುವಲ್ಲ, ಕಣ್ಣು. ಆ ಕಣ್ಣು ಬಗ್ಗಿ ಕೈಯನ್ನು ನೋಡಲಿ, ಬೇಡ ಅನ್ನುವುದಿಲ್ಲ. ತಲೆಯೆತ್ತಿ ಕುರ್ಚಿಯನ್ನೂ ನೋಡಲಿ.