ಬೆಂಚು

ಫುಟ್‌ಬಾಲ್ ಅಂದ ತಕ್ಷಣ ಮೆಸ್ಸಿ ಅಂದ್ಕೋಬೇಡಿ. ಇದು ಅಮೆರಿಕದವರ ಫುಟ್‌ಬಾಲ್. ಹೆಲ್ಮೆಟ್ ಹಾಕ್ಕೊಂಡು ಒಬ್ಬರ ಮೇಲೊಬ್ಬರು ಬೀಳೋ ಆಟ. ಆನ್‌ಸೈಟ್ ಅಂತ ಕ್ಯಾನ್ಸಸ್‌ನ ಓವರ್‌ಲ್ಯಾಂಡ್ ಪಾರ್ಕಿಗೆ ಬಂದಾಗ ನನಗೆ ಇದರ ತಲೆಬುಡ ಗೊತ್ತಿರ್ಲಿಲ್ಲ. ಆದ್ರೆ ಈ ಕಡೆ ಭಾನುವಾರ ಚೀಫ್ಸ್ ಮ್ಯಾಚ್ ನೋಡದೆ ಸೋಮವಾರ ಆಫೀಸಿಗೆ ಹೋದ್ರೆ ಮಾತಾಡೋಕೆ ಯಾರೂ ಸಿಗಲ್ಲ. ಹಾಗಾಗಿ ಕಲಿತೆ :)

ಕಲಿಸಿದವರು ನಮ್ಮ ಟೀಮಿನ ಹಿರಿಯರೊಬ್ಬರು. ಹೈಸ್ಕೂಲಲ್ಲಿ ಲೈನ್‌ಮ್ಯಾನ್ ಆಗಿದ್ದವರು. "ಚೆಂಡು ನೋಡಬೇಡ, ಆ ಐದು ಜನ ದಪ್ಪಗಿದ್ದಾರಲ್ಲ, ಅವರನ್ನ ನೋಡು" ಅಂತ ಮೊದಲ ದಿನವೇ ಹೇಳಿದ್ರು. ಮಧ್ಯೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಯಲ್ಲಿ ಇಬ್ಬರು ಟ್ಯಾಕಲ್. ಚೆಂಡೆಸೆಯೋ ಕ್ವಾರ್ಟರ್‌ಬ್ಯಾಕ್‌ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳೋದೇ ಅವರ ಕೆಲಸ. ಚೆನ್ನಾಗಿ ಮಾಡಿದ್ರೆ ಯಾರಿಗೂ ಅವರ ಹೆಸರು ಗೊತ್ತಾಗಲ್ಲ. ತಪ್ಪು ಮಾಡಿದ್ರೆ ಇಡೀ ಸ್ಟೇಡಿಯಮ್ಮಿಗೆ ಗೊತ್ತಾಗತ್ತೆ. ನಮ್ಮ ಪ್ರೊಡಕ್ಷನ್ ಸಪೋರ್ಟ್ ಥರಾನೇ!

2024ರ ಸೆಪ್ಟೆಂಬರ್ 15, ಭಾನುವಾರ. ಚೀಫ್ಸ್ ಎದುರಿಗೆ ಸಿನ್ಸಿನಾಟಿ. ಎಡಗಡೆ ಟ್ಯಾಕಲ್ ಜಾಗದಲ್ಲಿ ಕಿಂಗ್ಸ್‌ಲಿ ಸುವಾಮಟಾಯ ಅನ್ನೋ ಹೊಸ ಹುಡುಗ. ಆ ವರ್ಷದ ಡ್ರಾಫ್ಟಿನ ಎರಡನೇ ಸುತ್ತಲ್ಲಿ ಬಂದವನು, ಅವನಿಗದು ಎರಡನೇ ಮ್ಯಾಚು. ಬಲಗೈಯಲ್ಲಿ ಎಸೆಯೋ ಪ್ಯಾಟ್ರಿಕ್ ಮಹೋಮ್ಸ್‌ಗೆ ಎಡಗಡೆ ಅಂದ್ರೆ ಬೆನ್ನ ಹಿಂದೆ. ಅಲ್ಲಿಂದ ಬರೋನು ಕಾಣಿಸಲ್ಲ. ಅವತ್ತು ಬರ್ತಾ ಇದ್ದವನು ಟ್ರೇ ಹೆಂಡ್ರಿಕ್ಸನ್. ಪಾಪ ಹುಡುಗನ್ನ ಮತ್ತೆ ಮತ್ತೆ ದಾಟಿಕೊಂಡು ಹೋದ. ಪಂದ್ಯದ ಕೊನೇ ಭಾಗದಲ್ಲಿ ಕೋಚ್ ಆ್ಯಂಡಿ ರೀಡ್ ಅವನನ್ನ ಕೂರಿಸಿ ವಾನ್ಯ ಮಾರಿಸ್‌ನ ಇಳಿಸಿದ್ರು. ಚೀಫ್ಸ್ 26-25ರಲ್ಲಿ ಹೇಗೋ ಗೆದ್ದಿತು. ನಾನು ಮಾತ್ರ ಬೆಂಚಿನ ಮೇಲೆ ಕೂತ ಆ ಹುಡುಗನನ್ನೇ ನೋಡ್ತಿದ್ದೆ.

ಯಾಕಂದ್ರೆ ಮಾರನೇ ದಿನ ನಾನೂ ಅದೇ ಕೆಲಸ ಮಾಡಬೇಕಿತ್ತು.

ನಮ್ಮ ಬೆಂಗಳೂರು ಟೀಮಿನಲ್ಲಿ ಒಬ್ಬ ಹುಡುಗ ಇದ್ದ. ದಾವಣಗೆರೆ ಕಡೆಯವನು, ಕಾಲೇಜು ಮುಗಿಸಿ ಎರಡು ವರ್ಷ. ನನ್ನನ್ನ "ಅಣ್ಣ" ಅಂತಿದ್ದ. ಪೇಮೆಂಟ್ ಮಾಡ್ಯೂಲಿನ ರಿಲೀಸ್ ಅವನ ಕೈಯಲ್ಲಿತ್ತು, ಒಂದೇ ತಿಂಗಳಲ್ಲಿ ಎರಡು ಸಲ ರೋಲ್‌ಬ್ಯಾಕ್ ಆಗಿತ್ತು. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ಇಟ್ಕೋತೀಯಾ, ತೆಗೀತೀಯಾ?"

ಇದಕ್ಕೆ ಉತ್ತರ ಅಷ್ಟು ಸುಲಭ ಇಲ್ಲ ಕಣ್ರೀ. ಫುಟ್‌ಬಾಲಲ್ಲೂ ಹಾಗೇ. ಟ್ಯಾಕಲ್ ಒದ್ದಾಡ್ತಿದ್ರೆ ಪಕ್ಕದಲ್ಲಿ ಒಬ್ಬ ಟೈಟ್ ಎಂಡ್‌ನ ನಿಲ್ಲಿಸಬಹುದು, ಚೆಂಡನ್ನ ಬೇಗ ಎಸೆಯೋ ಆಟ ಆಡಿಸಬಹುದು. ಆದ್ರೆ ಸಹಾಯಕ್ಕೆ ನಿಂತವನು ಚೆಂಡು ಹಿಡಿಯೋಕೆ ಮುಂದೆ ಓಡಲ್ಲ. ಅಂದ್ರೆ ಹುಡುಗ ಒಳ್ಳೆಯವನಾ ಕೆಟ್ಟವನಾ ಅನ್ನೋದಲ್ಲ ಪ್ರಶ್ನೆ, ಅವನಿಗೆ ಎಷ್ಟು ದಿನ ಎಷ್ಟು ಆಸರೆ ಕೊಡೋಕೆ ಆಗತ್ತೆ ಅನ್ನೋದು. ನಾನೂ ಪ್ರತಿ ರಿಲೀಸ್ ರಾತ್ರಿ ಅವನ ಜೊತೆ ಕಾಲ್‌ನಲ್ಲಿ ಕೂರ್ತಿದ್ದೆ. ನನ್ನ ಕೆಲಸ ಹಿಂದೆ ಬೀಳ್ತಿತ್ತು.

ತೆಗೆದೆ. ಎರಡೇ ಸಾಲಿನ ಮೇಲ್. ಜಾಗಕ್ಕೆ ಟೀಮಿನ ಅತ್ಯುತ್ತಮ ಹುಡುಗಿಯನ್ನ ಹಾಕಿದೆ.

ಆಮೇಲೆ ಚೀಫ್ಸ್ ಕಥೆ ಏನಾಯ್ತು ಕೇಳಿ. ಮಾರಿಸ್ ಕೂಡ ಸಾಲಲಿಲ್ಲ. ಡಿಸೆಂಬರಲ್ಲಿ ಡಿ.ಜೆ. ಹಂಫ್ರೀಸ್‌ನ ಇಳಿಸಿದ್ರು, ಅವನು ಮೊದಲ ಮ್ಯಾಚಲ್ಲೇ ತೊಡೆ ನೋವು ಮಾಡ್ಕೊಂಡ. ಕೊನೆಗೆ ಎಡ ಗಾರ್ಡ್ ಜೋ ಥೂನಿಯನ್ನೇ ಟ್ಯಾಕಲ್ ಜಾಗಕ್ಕೆ ಸರಿಸಿದ್ರು. ಗಾರ್ಡ್ ಜಾಗದ ದೊಡ್ಡ ಆಟಗಾರರಲ್ಲಿ ಒಬ್ಬ ಆತ. ಒಂದು ತೂತು ಮುಚ್ಚೋಕೆ ಹೋಗಿ ಎರಡು ಜಾಗ ಸಡಿಲ ಆದವು. ಆದರೂ ಗೆಲ್ತಾ ಹೋದ್ರು. 2025ರ ಫೆಬ್ರವರಿ 9ರ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾದವರು ಮಹೋಮ್ಸ್‌ನ ಆರು ಸಲ ಕೆಡವಿದ್ರು. 40-22. ಆ್ಯಂಡಿ ರೀಡ್ ಸ್ವತಃ ಕಾಲೇಜಲ್ಲಿ ಲೈನ್‌ಮ್ಯಾನ್, ವರ್ಷಗಟ್ಟಲೆ ಲೈನ್ ಕೋಚ್ ಆಗಿದ್ದವರು. ಅವರಿಗೇ ಹೀಗಾದ್ರೆ ನಾನ್ಯಾವ ಲೆಕ್ಕ!

ಅವತ್ತು ಗೆದ್ದ ಲೈನನ್ನೂ ನೋಡಿ. ಎಡ ಟ್ಯಾಕಲ್ ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡ್ಕೊಂಡಿದ್ದವನು, 2018ರಲ್ಲಿ ಕೊನೇ ಸುತ್ತಿನ ಆಯ್ಕೆ. ಮೊದಲ ಎರಡು ಸೀಸನ್ ಒಂದು ಮ್ಯಾಚೂ ಆಡ್ಲಿಲ್ಲ. ಬಲ ಗಾರ್ಡ್ ಮೆಕಾಯ್ ಬೆಕ್ಟನ್, ನ್ಯೂಯಾರ್ಕ್ ಜೆಟ್ಸ್‌ನವರು 2020ರಲ್ಲಿ ಮೊದಲ ಸುತ್ತಲ್ಲೇ ಟ್ಯಾಕಲ್ ಅಂತ ಆರಿಸಿದ್ದವನು. ಮಂಡಿ ಪೆಟ್ಟು, ಬೈಗುಳ ಎಲ್ಲಾ ತಿಂದವನು. ಫಿಲಡೆಲ್ಫಿಯಾದ ಲೈನ್ ಕೋಚ್ ಜೆಫ್ ಸ್ಟೌಟ್ಲೆಂಡ್ ಅವನನ್ನ ಒಂದು ಜಾಗ ಒಳಗೆ ಸರಿಸಿದ್ರು, ಅಷ್ಟೇ.

ಆ ರಾತ್ರಿ ಮನೆಗೆ ವಾಪಸ್ ಬರ್ತಾ ನಮ್ಮ ಟೀಮೇ ತಲೆಯಲ್ಲಿ. ನಾನು ಸರಿಸಿದ ಹುಡುಗಿಯ ಹಳೇ ಮಾಡ್ಯೂಲ್ ಆಗಲೇ ಸೋರ್ತಿತ್ತು. ಹುಡುಗ? ನಮ್ಮಲ್ಲಿ ಬೆಂಚ್ ಅಂದ್ರೆ ಗೊತ್ತಲ್ಲ... ಬೆಳಿಗ್ಗೆ ಲಾಗಿನ್, ಸಂಜೆ ಲಾಗೌಟ್. ಐದು ತಿಂಗಳಲ್ಲಿ ನಾನು ಅವನಿಗೆ ಒಂದು ಫೋನೂ ಮಾಡಿರ್ಲಿಲ್ಲ. ಕೆಲಸ ಜಾಸ್ತಿ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ನಿಜ ಹೇಳ್ಬೇಕಂದ್ರೆ ಮುಖ ಕೊಡೋಕೆ ಹೆದರಿಕೆ.

ಮಾರನೇ ದಿನ ಮಾಡಿದೆ. "ಏನಪ್ಪಾ, ಏನ್ಮಾಡ್ತಿದ್ದೀಯಾ?" ಅಂದೆ. ಯಾರೂ ಹೇಳದೇ ಇದ್ರೂ ಲಾಗ್ ಫೈಲುಗಳನ್ನ ಓದಿ, ಬೀಳೋ ಮುಂಚೆಯೇ ಎಚ್ಚರಿಸೋ ಸ್ಕ್ರಿಪ್ಟ್ ಬರೆದಿಟ್ಟಿದ್ದ. ತನ್ನಿಂದ ಬಿದ್ದ ಎರಡು ರಿಲೀಸುಗಳನ್ನ ಇಟ್ಕೊಂಡೇ ಅದನ್ನ ಪರೀಕ್ಷೆ ಮಾಡಿದ್ದ. ನನಗೆ ಮಾತೇ ಬರ್ಲಿಲ್ಲ. ಮಾನಿಟರಿಂಗ್ ಕೆಲಸಕ್ಕೆ ಹಾಕ್ಸಿದೆ. ಈಗ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಹೊಡ್ಕೊಳ್ಳೋದು ಕಮ್ಮಿಯಾಗಿದ್ರೆ ಅದಕ್ಕೆ ಅವನೇ ಕಾರಣ.

ಅಂದಹಾಗೆ, ಸುವಾಮಟಾಯ 2025ರಲ್ಲಿ ಮತ್ತೆ ಆಡಿದ. ಟ್ಯಾಕಲ್ ಅಲ್ಲ, ಎಡ ಗಾರ್ಡ್. ಥೂನಿ ಷಿಕಾಗೋಗೆ ಹೋದ ಮೇಲೆ ಖಾಲಿಯಾದ ಜಾಗ.

ಅವನನ್ನ ತೆಗೆದಿದ್ದು ತಪ್ಪು ಅಂತ ಈಗಲೂ ನನಗನ್ಸಲ್ಲ. ಇನ್ನೊಂದು ರಿಲೀಸ್ ಬಿದ್ದಿದ್ರೆ ಅವನ ಕೆಲಸವೇ ಹೋಗ್ತಿತ್ತು. ಕಳೆದ ಸಲ ಊರಿಗೆ ಬಂದಾಗ ಬೆಂಗಳೂರು ಆಫೀಸಿಗೆ ಹೋಗಿದ್ದೆ. ಕಾಫಿ ಕುಡೀತಾ ಇದನ್ನೇ ಹೇಳಿದೆ. ಅವನು ಲೋಟ ಕೆಳಗಿಟ್ಟು, "ತೆಗೆದಿದ್ದು ಸರಿನೇ ಸರ್. ಒಂದು ಫೋನ್ ಮಾಡಿ ಹೇಳಬಹುದಿತ್ತು" ಅಂದ.

ಅಣ್ಣ ಅನ್ಲಿಲ್ಲ, ಸರ್ ಅಂದ.

ನೀವೂ ಯಾರನ್ನಾದ್ರೂ ಹೀಗೆ ಕೂರಿಸಿದ್ದೀರಾ? ಇಲ್ಲಾ, ನಿಮ್ಮನ್ನೇ ಯಾರಾದ್ರೂ? ಹೇಳಿ, ಕೇಳೋಣ.