ನೀರು ಯಾರ ಕಡೆಗೆ?

ಷಟಲ್ ಕೋರ್ಟ್ ಅಂದ್ರೆ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಸುತ್ತ ಓಡಾಡೋಕೆ ಜಾಗ ಸೇರಿಸಿದ್ರೆ 17ಕ್ಕೆ 9 ಅಂತ ಇಟ್ಕೊಳ್ಳಿ. ಶಿವಮೊಗ್ಗದ ಹೊರಗಿನ ಬಡಾವಣೆಯಲ್ಲಿರೋ ನಮ್ಮನೆ ಹಿತ್ತಲು 20ಕ್ಕೆ 10. ಲೆಕ್ಕದ ಪ್ರಕಾರ ಆರಾಮಾಗಿ ಕೂರುತ್ತೆ. ಆದರೆ ಆರು ವರ್ಷದ ಹಿಂದೆ ಮನೆ ಪಾಲಾದಾಗ ಹಿತ್ತಲೂ ಸರಿ ಅರ್ಧ ಆಯ್ತು. ಉತ್ತರದ ಅರ್ಧ ಅಪ್ಪಂದು, ದಕ್ಷಿಣದ್ದು ದೊಡ್ಡಪ್ಪಂದು, ನಡುವೆ ಮುಳ್ಳುತಂತಿ. 10ಕ್ಕೆ 10 ಜಾಗದಲ್ಲಿ ಹೆಚ್ಚಂದ್ರೆ ಕೇರಂ ಆಡಬಹುದು.

ನಾವು ಅಂದ್ರೆ ನಾಲ್ಕು ಜನ. ಅಪ್ಪನ ಮಕ್ಕಳು ಇಬ್ಬರು, ದೊಡ್ಡಪ್ಪನ ಮಕ್ಕಳು ಇಬ್ಬರು. ಡಬಲ್ಸ್‌ಗೆ ಸರಿಹೋಗೋ ಸಂಖ್ಯೆ. ಪಾಲಾದ ಮೇಲೆ ದೊಡ್ಡವರಿಬ್ಬರ ನಡುವೆ ಮಾತು ನಿಂತಿತ್ತು, ನಮ್ಮದು ನಿಂತಿರಲಿಲ್ಲ. ಒಂದೇ ಸೂರು, ಮಧ್ಯೆ ಗೋಡೆ, ಎರಡು ಅಡುಗೆಮನೆ. ಅಜ್ಜಿ ಮಾತ್ರ ಬೆಳಿಗ್ಗೆ ಕಾಫಿ ಒಂದು ಕಡೆ, ಸಂಜೆ ಕಾಫಿ ಇನ್ನೊಂದು ಕಡೆ.

ಕೋರ್ಟ್ ಮಾಡೋಣ ಅಂತ ಕೇಳಿದಾಗ ಅಪ್ಪ "ನಿಮ್ಮ ದೊಡ್ಡಪ್ಪ ಒಪ್ಪಿದ್ರೆ ನಂದೇನೂ ಇಲ್ಲ" ಅಂದ್ರು. ಆ ಕಡೆ ದೊಡ್ಡಪ್ಪನೂ "ಚಿಕ್ಕಪ್ಪನ್ನ ಕೇಳಿ, ಅವನು ಹೂಂ ಅಂದ್ರೆ ಮಾಡಿ" ಅಂದ್ರಂತೆ. ಇನ್ನೊಬ್ಬರು ಒಪ್ಪಲ್ಲ ಅನ್ನೋ ಧೈರ್ಯದ ಮೇಲೆ ಇಬ್ಬರೂ ಒಪ್ಪಿಬಿಟ್ಟಿದ್ರು.

ಮಾರ್ಚ್‌ನಲ್ಲಿ ತಂತಿ ಬಿಚ್ಚಿ, ಗೂಟ ಹೊಡೆದು ದಾರ ಕಟ್ಟಿದ್ವಿ. ಮೂಲೆಗೆ 3-4-5 ತ್ರಿಕೋನ ಇಟ್ಟು, ಆಮೇಲೆ ಕರ್ಣ ಅಳೆದ್ವಿ, ಎರಡೂ 14.72 ಬಂದ್ರೆ ಕೋರ್ಟ್ ಸೊಟ್ಟ ಇಲ್ಲ ಅಂತ. ಬೆಳಿಗ್ಗೆ-ಸಂಜೆ ಸೂರ್ಯ ಕಣ್ಣಿಗೆ ಹೊಡೀಬಾರದು ಅಂದ್ರೆ ಉದ್ದ ಉತ್ತರ-ದಕ್ಷಿಣ ಇರಬೇಕು. ಹಾಗೆ ಇಟ್ಟಾಗ ನೆಟ್ ಬಂದು ಕೂತಿದ್ದು ಸರಿಯಾಗಿ ತಂತಿ ಇದ್ದ ಗೆರೆ ಮೇಲೆ.

ಇಲ್ಲಿವರೆಗೂ ಸುಲಭ. ಜಗಳ ಬಂದಿದ್ದು ಇಳಿಜಾರಿನ ವಿಷಯಕ್ಕೆ.

ಬಯಲಿನ ಕೋರ್ಟ್ ಪೂರ್ತಿ ಮಟ್ಟಸ ಇರೋ ಹಾಗಿಲ್ಲ, ನೀರು ನಿಲ್ಲುತ್ತೆ. ನೂರಕ್ಕೆ ಒಂದರಷ್ಟು ಇಳಿಜಾರು ಬೇಕು. 153 ಚದರ ಮೀಟರ್ ಕಾಂಕ್ರೀಟ್ ಮೇಲೆ ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ರೆ 1530 ಲೀಟರ್ ನೀರು. ಮಣ್ಣಾಗಿದ್ರೆ ಒಂದಿಷ್ಟು ಕುಡೀತಿತ್ತು, ಕಾಂಕ್ರೀಟ್ ಕುಡಿಯಲ್ಲ. ಮಲೆನಾಡಿನ ಬಾಗಿಲಲ್ಲಿರೋ ಊರು, ಜೂನ್-ಜುಲೈ ಮಳೆ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಪೂರ್ವಕ್ಕೆ ಮನೆ ಪಾಯ. ಪಶ್ಚಿಮಕ್ಕೆ ಪಕ್ಕದವರ ಕಾಂಪೌಂಡು, ಅವರ ಮನೆ ನಮಗಿಂತ ತಗ್ಗಲ್ಲಿದೆ. ಉತ್ತರದಲ್ಲಿ ಅಪ್ಪ ಕಟ್ಟಿಸಿದ ಸೆಪ್ಟಿಕ್ ಟ್ಯಾಂಕು. ಉಳಿದಿದ್ದು ದಕ್ಷಿಣ, ಅಂದ್ರೆ ದೊಡ್ಡಪ್ಪನ ಪಾಲು.

"ಅವನ ನೀರನ್ನೂ ನಾನೇ ಯಾಕೆ ಹೊರಬೇಕು?" ಅಂದ್ರು ದೊಡ್ಡಪ್ಪ. ತಪ್ಪು ಅಂತ ನಮಗೂ ಅನ್ನಿಸಲಿಲ್ಲ.

ಮೇಸ್ತ್ರಿ ಒಂದು ಉಪಾಯ ಹೇಳಿದ್ರು. ನೆಟ್ ಹತ್ರ ಎತ್ತರ ಮಾಡಿ ಎರಡೂ ಕಡೆ ಇಳಿಸಿಬಿಡೋದು, ಅವರವರ ನೀರು ಅವರವರಿಗೆ. ಅಪ್ಪ ಕೂಡಲೇ ಸೈ ಅಂದ್ರು, ದೊಡ್ಡಪ್ಪನೂ ಸೈ. ಆರು ವರ್ಷದಲ್ಲಿ ಅಣ್ಣತಮ್ಮ ಒಪ್ಪಿದ ಮೊದಲ ಮಾತು, ಬೇಡ ಅಂದವರು ನಾವು! ಹಾಗೆ ಮಾಡಿದ್ರೆ ಅದು ಕೋರ್ಟ್ ಆಗಲ್ಲ, ಆನೆ ಬೆನ್ನಾಗುತ್ತೆ. ಇಬ್ಬರೂ ನೆಟ್ ಕಡೆ ಏರು ಹತ್ತಿ ಆಡಬೇಕು, ಹಿಂದಕ್ಕೆ ಓಡಿದ್ರೆ ಇಳಿಜಾರು. ಕೋರ್ಟ್‌ನ ಇಳಿಜಾರು ಒಂದೇ ಸಮತಲದಲ್ಲಿ, ಒಂದೇ ದಿಕ್ಕಿಗೆ ಇರಬೇಕು ಅಂತ ಚಿತ್ರ ಬಿಡಿಸಿ ತೋರಿಸಿದ್ವಿ. ಇಬ್ಬರೂ ಚಿತ್ರ ನೋಡಿದ್ರು, ಎದ್ದು ಹೋದ್ರು. ವಾರ ಕೆಲಸ ನಿಂತಿತು.

ಅಷ್ಟರಲ್ಲಿ ಟ್ಯೂಬ್ ಲೆವೆಲ್ ಹಿಡಿದು ಹಿತ್ತಲ ಮಟ್ಟ ತೆಗೆದ್ವಿ. ಪಾರದರ್ಶಕ ಪೈಪು, ಒಳಗೆ ನೀರು, ಅಷ್ಟೇ. ಸರ್ವೇಯಿಂಗ್ ಲ್ಯಾಬಿನ ಉಪಕರಣಕ್ಕಿಂತ ಇದರ ಮೇಲೆ ನಮಗೆ ನಂಬಿಕೆ ಜಾಸ್ತಿ. ನೆಲ ತಾನಾಗೇ ದಕ್ಷಿಣಕ್ಕೆ 15 ಸೆಂಟಿಮೀಟರ್ ತಗ್ಗಿತ್ತು. ನಮಗೆ ಬೇಕಾಗಿದ್ದು 17. ಪಕ್ಕದಲ್ಲಿ ಕೂತಿದ್ದ ಅಜ್ಜಿ "ಅದಕ್ಕೆ ಪೈಪ್ ಯಾಕ್ರೋ, ನಿಮ್ಮಜ್ಜನ ಕಾಲದಿಂದ ನೀರು ಬಾವಿ ಕಡೆಗೇ ಹೋಗೋದು" ಅಂದ್ರು.

ಬಾವಿ ಇರೋದು ದೊಡ್ಡಪ್ಪನ ಪಾಲಲ್ಲಿ. ಪಾಲಾದ ಮೇಲೆ ಅಪ್ಪ ಅಲ್ಲಿ ಒಂದು ಕೊಡ ಸೇದಲಿಲ್ಲ, ಹಟಕ್ಕೆ ಬಿದ್ದು ಬೋರ್ ಹಾಕಿಸಿದ್ರು. ಬಾವಿ ಏಪ್ರಿಲ್‌ಗೆಲ್ಲ ತಳ ಕಾಣ್ತಾ ಇತ್ತು. ಅಜ್ಜಿ ಮಾತಿನಿಂದ ನಮಗೆ ದಾರಿ ಸಿಕ್ಕಿತು. ಕೋರ್ಟ್ ನೀರನ್ನ ಚರಂಡಿಯಲ್ಲಿ ತಂದು, ಬಾವಿಗೆ ನೇರ ಬಿಡದೆ, ಸ್ವಲ್ಪ ದೂರದ ಇಂಗುಗುಂಡಿಗೆ ಇಳಿಸೋದು. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ದೊಡ್ಡಪ್ಪ ತುಂಬಾ ಹೊತ್ತು ಸುಮ್ಮನಿದ್ದು, "ಗುಂಡಿ ಖರ್ಚು ಯಾರದ್ದು?" ಅಂದ್ರು. ಅಪ್ಪ ಗೋಡೆ ಆಚೆಯಿಂದಲೇ "ನಂದು" ಅಂದ್ರು. ನಡುವೆ ನಾವ್ಯಾರೂ ಬೇಕಾಗಲಿಲ್ಲ.

ಕಾಂಕ್ರೀಟ್ 10 ಸೆಂಟಿಮೀಟರ್ ದಪ್ಪ, ಸುಮಾರು 120 ಮೂಟೆ ಸಿಮೆಂಟು. ಮೂರು ಮೀಟರಿಗೊಂದರಂತೆ ಜಾಯಿಂಟ್, ಒಂದು ಸರಿಯಾಗಿ ನೆಟ್ ಕೆಳಗೆ. "ಗಡಿ ಇದೇ ಅಂತ ಇರಲಿ" ಅಂದ್ರು ದೊಡ್ಡಪ್ಪ. ಇರಲಿ ಬಿಡಿ, ಜಾಯಿಂಟ್ ಹೇಗೂ ಬೇಕಿತ್ತು. ಮೇಲ್ಮೈ ಒಣಗೋ ಮೊದಲು ಪೊರಕೆಯಿಂದ ಗೀರಿದ್ರು, ಕಾಲು ಜಾರದಿರಲಿ ಅಂತ. ಬಣ್ಣದ ಅಕ್ರಿಲಿಕ್ ಹೊದಿಕೆಗೆ ದುಡ್ಡಿರಲಿಲ್ಲ. 40 ಮಿಲಿಮೀಟರ್ ಅಗಲದ ಬಿಳಿ ಗೆರೆ ಎಳೆದು ಮುಗಿಸಿದ್ವಿ.

ಕ್ಯೂರಿಂಗ್ ಮಾತ್ರ ಹದಿನಾಲ್ಕು ದಿನ. ಬಿಸಿಲಿಗೆ ಗೋಣಿಚೀಲ ಒಣಗೋ ಹಾಗಿಲ್ಲ, ನಮಗೆ ಇಂಟರ್ನಲ್ಸ್ ಇತ್ತು, ಕಾಲೇಜಿಗೆ ಬಂದ್ವಿ. ಬೆಳಿಗ್ಗೆ ದೊಡ್ಡಪ್ಪ ಬಾವಿಯಲ್ಲಿ ಉಳಿದಿದ್ದ ನೀರು ಸೇದಿ ಹಾಕಿದ್ರಂತೆ, ಸಂಜೆ ಅಪ್ಪ ಬೋರ್ ಪೈಪ್ ಹಿಡಿದ್ರಂತೆ. ಅವರ ಅರ್ಧ, ಇವರ ಅರ್ಧ ಅಂತ ಹಾಕಿದ್ರಾ ಅಂತ ಅಜ್ಜಿಯನ್ನ ಕೇಳಿದ್ವಿ. "ನೀರಿಗೆ ಗೆರೆ ಎಲ್ಲಿ ಕಾಣತ್ತೆ" ಅಂತ ನಕ್ಕರು.

ಗಾಳಿಗೆ ಷಟಲ್ ಹಾರಿಹೋಗೋದ್ರಿಂದ ನೈಲಾನ್ ಷಟಲ್ಲೇ ಗತಿ, ಅದೂ ಬೆಳಿಗ್ಗೆ ಎಂಟರೊಳಗೆ. ಆಮೇಲೆ ಕೋರ್ಟ್ ತುಂಬಾ ಅಜ್ಜಿಯ ಹಪ್ಪಳ. ಪ್ರಕಾಶ್ ಪಡುಕೋಣೆ ಆಡಿ ಬೆಳೆದಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ, ಮದುವೆ ಇದ್ದ ದಿನ ಅಲ್ಲಿ ಆಟ ಇರ್ತಿರಲಿಲ್ಲ. ಹಪ್ಪಳಕ್ಕೆ ನಾವೂ ಅಷ್ಟು ಜಾಗ ಬಿಟ್ಟಿದ್ದೀವಿ.

ಜೂನ್‌ನ ಮೊದಲ ದೊಡ್ಡ ಮಳೆಗೆ ನಾಲ್ಕೂ ಜನ ಊರಲ್ಲಿದ್ವಿ. ನೀರು ಗೆರೆ ದಾಟಿ ದಕ್ಷಿಣಕ್ಕೆ ಹರಿದು ಗುಂಡಿಗಿಳಿಯಿತು. ಸರ್ವಿಸ್ ಗೆರೆ ಹತ್ರ ಊಟದ ತಟ್ಟೆಯಷ್ಟಗಲ ಮಾತ್ರ ನಿಂತಿತ್ತು. ಅಪ್ಪ-ದೊಡ್ಡಪ್ಪ ಇನ್ನೂ ಒಟ್ಟಿಗೆ ಆಡಿಲ್ಲ, ಮಾತೂ ಕೆಲಸಕ್ಕೆ ಬೇಕಾದಷ್ಟೇ. ಮಳೆ ನಿಂತಾಗ ಅಪ್ಪ ಛತ್ರಿ ಹಿಡಿದು ಬಾವಿ ಹತ್ರ ಹೋಗಿ ಬಗ್ಗಿ ನೋಡಿದ್ರು. ದೊಡ್ಡಪ್ಪ ಜಗಲಿಯಿಂದ "ಎಷ್ಟು ಬಂದಿದೆಯೋ?" ಅಂತ ಕೂಗಿದ್ರು.